ಬಿಸಿಯೋ, ಕಡಕ್ಕೋ?

ಧಾರವಾಡದ ಖಾನಾವಳಿಯಲ್ಲಿ ಕೂತವನಿಗೆ ಇಡೀ ಊಟಕ್ಕೆ ಸೇರಿ ಒಂದೇ ಪ್ರಶ್ನೆ ಕೇಳುತ್ತಾರೆ: “ಬಿಸಿ ರೊಟ್ಟಿ ಕೊಡ್ಲ್ಯಾ, ಕಡಕ್ ಕೊಡ್ಲ್ಯಾ?” ಅದಕ್ಕೊಂದು ಉತ್ತರ ಕೊಟ್ಟರೆ ಮುಗಿಯಿತು, ಮುಂದಿನದೆಲ್ಲ ಅವರ ಜವಾಬ್ದಾರಿ. ಪಲ್ಯ ಯಾವುದು, ಕಾಳು ಯಾವುದು, ಚಟ್ನಿಪುಡಿ ಎಷ್ಟು ಬಗೆ ಎಂಬುದೆಲ್ಲ ನಾವಿನ್ನೂ ಹಲ್ಲುಜ್ಜುವ ಹೊತ್ತಿಗೇ ಒಳಗೆ ತೀರ್ಮಾನವಾಗಿರುತ್ತದೆ. ಮೈಸೂರು ಕಡೆಯಿಂದ ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದು, ನಿವೃತ್ತನಾದ ಮೇಲೂ ಇಲ್ಲೇ ಉಳಿದುಬಿಟ್ಟ ನನ್ನನ್ನು ನೆಂಟರು “ಅಲ್ಲೇನಿದೆ ಅಂತ ಕೂತಿದ್ದೀಯ?” ಎಂದು ಕೇಳುತ್ತಿರುತ್ತಾರೆ. ಹವೆ, ಸಂಗೀತ, ಸಾಹಿತ್ಯ ಎಂದು ನಾನು ಮರ್ಯಾದಸ್ಥ ಕಾರಣಗಳನ್ನು ಹೇಳುತ್ತೇನೆ. ನಿಜವಾದ ಕಾರಣ ಭಾನುವಾರ ಮಧ್ಯಾಹ್ನದ ಊಟ.

ನಾವು ನಾಲ್ವರು. ಕೃಷಿ ವಿಶ್ವವಿದ್ಯಾಲಯದಿಂದ ನಿವೃತ್ತರಾದರೂ ಪಾಠದಿಂದ ನಿವೃತ್ತರಾಗದ ಪ್ರೊಫೆಸರರು, ಇನ್ನೂ ಕೋರ್ಟಿಗೆ ಹೋಗುವ ವಕೀಲರು, ಸಕ್ಕರೆ ಕಾಯಿಲೆಯ ಬಗ್ಗೆ ಊರಿಗೆಲ್ಲ ಉಪದೇಶ ಮಾಡಿ ಕೊನೆಗೆ ತಾವೇ ಅದರ ಕೈಗೆ ಸಿಕ್ಕಿಬಿದ್ದ ಡಾಕ್ಟರರು, ಮತ್ತು ನಾನು. ನಮ್ಮಂಥವರ ಸ್ನೇಹ ಉಳಿಯಬೇಕಾದರೆ ಮಧ್ಯೆ ಮೆನು ಕಾರ್ಡು ಬರಬಾರದು. ದೊಡ್ಡ ಹೋಟೆಲುಗಳಲ್ಲಿ ಇದು ಸಾಬೀತಾಗಿದೆ. ವಕೀಲರು ಕಾರ್ಡನ್ನು ಕೊನೆಯ ಪುಟದ ಸಣ್ಣಕ್ಷರದಿಂದ ಓದಲು ಶುರು ಮಾಡುತ್ತಾರೆ; ತೆರಿಗೆ ಸೇರಿದೆಯೋ ಪ್ರತ್ಯೇಕವೋ ಎಂಬುದು ಇತ್ಯರ್ಥವಾಗದೆ ಸೂಪು ಕೂಡ ಬರುವಂತಿಲ್ಲ. ಪ್ರೊಫೆಸರರು ವೇಟರ್‌ನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಪನೀರಿನ ಅಷ್ಟೂ ಬಗೆಗಳ ವ್ಯತ್ಯಾಸ ಕೇಳುತ್ತಾರೆ. “ಗ್ರೇವಿ ಬೇರೆ ಸರ್” ಎಂಬ ಅವನ ಉತ್ತರ ಅವರ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಡಾಕ್ಟರರಿಗೆ ಎಣ್ಣೆ ಬೇಡ, ಕರಿದದ್ದು ಬೇಡ, ಸಿಹಿ ಬೇಡ, ಮೈದಾ ಬೇಡ. ಅಷ್ಟನ್ನೂ ಕಳೆದ ಮೇಲೆ ಕಾರ್ಡಿನಲ್ಲಿ ಉಳಿಯುವುದು ನೀರಿನ ಬಾಟಲಿ. ಅದಕ್ಕೂ ‘ಕೂಲೋ ನಾರ್ಮಲ್ಲೋ’ ಎಂಬ ಪ್ರಶ್ನೆ ಅಂಟಿಕೊಂಡಿರುತ್ತದೆ. ನಾನು “ಏನಾದರೂ ಆಗಬಹುದು” ಎನ್ನುತ್ತೇನೆ. ಅಲ್ಲಿಯವರೆಗೆ ಪರಸ್ಪರ ಜಗಳವಾಡುತ್ತಿದ್ದ ಮೂವರೂ ಆಗ ಒಟ್ಟಾಗಿ ನನ್ನ ಮೇಲೆ ತಿರುಗಿಬೀಳುತ್ತಾರೆ.

ಖಾನಾವಳಿಯಲ್ಲಿ ಈ ರಾಮಾಯಣವಿಲ್ಲ. ಇರುವುದೇ ನಾಲ್ಕೈದು ಮೇಜು. ಗೋಡೆಯ ಮೇಲೆ ಬಸವಣ್ಣನವರ ಪಟ, ಪಕ್ಕದಲ್ಲಿ ಸಿದ್ಧಾರೂಢರ ಪಟ, ಅವರಿಬ್ಬರ ನಡುವೆ ಗೊಬ್ಬರದ ಅಂಗಡಿಯ ಕ್ಯಾಲೆಂಡರು. ಅರ್ಧ ಪರದೆಯ ಆಚೆಯಿಂದ ರೊಟ್ಟಿ ಬಡಿಯುವ ಸದ್ದು. ಕೂತು ಕೈ ತೊಳೆಯುವುದರೊಳಗೆ ಸ್ಟೀಲಿನ ತಟ್ಟೆ ಬಂದು, ಅಂಚಿನಿಂದ ತುಂಬತೊಡಗುತ್ತದೆ. ಮೊದಲು ಶೇಂಗಾ ಚಟ್ನಿ, ಕಪ್ಪಗಿನ ಗುರೆಳ್ಳು ಚಟ್ನಿ, ಅಗಸಿ ಚಟ್ನಿ. ಅವು ಗಾಳಿಗೆ ಹಾರದಂತೆ ಮೇಲೊಂದು ಚಮಚ ಗಟ್ಟಿ ಮೊಸರು. ಆಮೇಲೆ ಹೊಟ್ಟೆ ಸೀಳಿ ಮಸಾಲೆ ತುಂಬಿದ ಬದನೆಯ ಎಣಗಾಯಿ, ತೊಟ್ಟಿನ ಸಮೇತ. ಮಡಕಿ ಕಾಳಿನ ಪಲ್ಯ, ಹುಳಿಹುಳಿ ಪುಂಡಿಪಲ್ಯ. ಕೊನೆಗೆ ಒಂದು ಹಿಡಿ ಹಸಿ ಮೆಂತ್ಯ ಸೊಪ್ಪು, ಮೂಲಂಗಿ, ಉಳ್ಳಾಗಡ್ಡಿ, ಮೇಲೊಂದು ಹಸಿಮೆಣಸಿನಕಾಯಿ. ಒಮ್ಮೆ ಮೈಸೂರಿನಿಂದ ಬಂದಿದ್ದ ನನ್ನ ಭಾವಮೈದ ಆ ಸೊಪ್ಪನ್ನು ನೋಡಿ, “ಇದನ್ನ ಒಗ್ಗರಣೆಗೆ ಯಾವಾಗ ವಾಪಸ್ ತಗೊಂಡು ಹೋಗ್ತಾರೆ?” ಎಂದು ಕೇಳಿದ್ದ. ಎಣಗಾಯಿಯ ಕೆಂಪಿಗೂ ಅವನು ಹೆದರಿದ್ದ. ಪ್ರೊಫೆಸರರು ಧೈರ್ಯ ತುಂಬಿದರು: ಅದು ಬ್ಯಾಡಗಿ ಮೆಣಸಿನಕಾಯಿ, ಬಣ್ಣ ಹೆಚ್ಚು, ಖಾರ ಕಡಿಮೆ, 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಆ ಧೈರ್ಯದ ಮೇಲೆ ಅವನು ಪಕ್ಕದಲ್ಲಿದ್ದ ಹಸಿಮೆಣಸಿನಕಾಯಿಯನ್ನು ಕಚ್ಚಿದ. ಅದಕ್ಕೆ ಯಾವ ಮಾನ್ಯತೆಯೂ ಇರಲಿಲ್ಲ.

ರೊಟ್ಟಿ ಬಂದ ಕೂಡಲೇ ಪ್ರೊಫೆಸರರ ಪಾಠ. ಗೋಧಿಯಲ್ಲಿರುವ ಗ್ಲೂಟೆನ್ ಜೋಳದಲ್ಲಿಲ್ಲ. ತಣ್ಣೀರಲ್ಲಿ ಕಲಸಿದರೆ ಹಿಟ್ಟು ಹರಿದು ಹೋಗುತ್ತದೆ. ಕುದಿಯುವ ಎಸರು ಸುರಿದಾಗ ಪಿಷ್ಟ ಅರೆಬೆಂದು ಅಂಟಾಗುತ್ತದೆ, ಆ ಅಂಟನ್ನು ನಂಬಿಕೊಂಡು ನಾದಿ, ಅಂಗೈಯಿಂದ ಬಡಿಯುತ್ತ ತಿರುಗಿಸುತ್ತ ಹರವಬೇಕು. ಹಂಚಿಗೆ ಹಾಕಿದ ಮೇಲೆ ಬಟ್ಟೆಯಿಂದ ನೀರು ಸವರಿ ಒಣಹಿಟ್ಟು ತೆಗೆದು ಮಗುಚಿದರೆ, ಒಳಗಿನ ಉಗಿಗೆ ರೊಟ್ಟಿ ಉಬ್ಬಿ ಎರಡು ಪದರಾಗುತ್ತದೆ. ಇಲ್ಲಿಂದ ಅವರು ತಳಿಗೆ ಹೋಗುತ್ತಾರೆ: ಮಾಲದಂಡಿ, ಅದರಲ್ಲೂ ಸೋಲಾಪುರದ ಹತ್ತಿರದ ಮೋಹೋಳದಲ್ಲಿ 1930ರ ದಶಕದಲ್ಲಿ ಆಯ್ದು ತೆಗೆದ ಎಂ 35-1. ವಿಜಯಪುರದ ಎರೆಭೂಮಿಯಲ್ಲಿ ಹಿಂಗಾರಿಗೆ ಬಿತ್ತಿದರೆ ಮಣ್ಣಿನೊಳಗಿನ ತೇವದಲ್ಲೇ ಬೆಳೆಯುವ ಪೈರು. ಎಷ್ಟೋ ಹೊಸ ತಳಿಗಳು ಬಂದರೂ ರೊಟ್ಟಿಯ ವಿಷಯದಲ್ಲಿ ಜನ ಇದನ್ನು ಬಿಟ್ಟುಕೊಟ್ಟಿಲ್ಲ. ಪಾಠ ಎರೆಭೂಮಿಯ ಆಳಕ್ಕೆ ಇಳಿಯುವ ಹೊತ್ತಿಗೆ ತಟ್ಟೆಯಲ್ಲಿ ಉಬ್ಬಿದ್ದ ರೊಟ್ಟಿ ಮೆಲ್ಲಗೆ ಉಸಿರು ಬಿಡುತ್ತಿರುತ್ತದೆ. ವಕೀಲರು ಕೈಯೆತ್ತುತ್ತಾರೆ: “ಸಾಹೇಬ್ರ, ವಾದ ಆಮ್ಯಾಲ ಮುಂದುವರಸ್ರಿ. ಸಾಕ್ಷಿ ಆರಾಕತ್ತೈತಿ.”

2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಎಂದು ವಿಶ್ವಸಂಸ್ಥೆ ಸಾರಿದ್ದನ್ನು ರೊಟ್ಟಿ ಬಡಿಯುವ ಅಕ್ಕಾರಿಗೆ ತಿಳಿಸಿದವರೂ ಪ್ರೊಫೆಸರರೇ. ಪರದೆ ಸರಿಸಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಜಗತ್ತೆಲ್ಲ ಈಗ ಜೋಳ ತಿನ್ನಬೇಕೆಂದು ಹೇಳುತ್ತಿದೆ ಎಂದು ವಿವರಿಸಿದರು. ಅಕ್ಕಾರು ಕೈ ನಿಲ್ಲಿಸದೆ ಕೇಳಿದರು: “ಹೌದೇನ್ರೀ? ಇಲ್ಲೀತನಕಾ ಪಾಪ ಏನ್ ತಿಂತಿದ್ರಂತ?”

ಇಲ್ಲಿ ಬಡಿಸುವವರ ಕಿವಿಗೆ ‘ಸಾಕು’ ಬೀಳುವುದಿಲ್ಲ. ವಕೀಲರು ತಟ್ಟೆಗೆ ಅಂಗೈ ಅಡ್ಡ ಹಿಡಿದರೆ, ಅಂಗೈ ಮತ್ತು ತಟ್ಟೆಯ ನಡುವಿನ ಎರಡು ಬೆರಳಿನ ಸಂದಿಯಲ್ಲಿ ರೊಟ್ಟಿ ಜಾರಿ ಒಳಗೆ ಬಂದಿರುತ್ತದೆ. ವಕೀಲರು ತಡೆಯಾಜ್ಞೆ ಉಲ್ಲಂಘನೆ ಎಂದು ಗೊಣಗಿ ಅದನ್ನು ಮುರಿಯುತ್ತಾರೆ. ಡಾಕ್ಟರರು ಮಾತ್ರ ಗಟ್ಟಿ. ಎರಡು ರೊಟ್ಟಿಗೆ ನಿಲ್ಲುತ್ತಾರೆ. ಅತಿಯಾದರೆ “ಅರ್ಧ ಹಾಕು” ಎನ್ನುತ್ತಾರೆ. ಹುಡುಗ ತುಂಬ ಕಷ್ಟದ ಮುಖ ಮಾಡಿ, “ಅರ್ಧಾ ಹಾಕಬೋದ್ರಿ ಡಾಕ್ಟರ್ ಸಾಹೇಬ್ರ, ಉಳದರ್ಧಾ ಯಾರ ತಾಟಿನಾಗ ಹಾಕ್ಲಿ?” ಎಂದು ಕೇಳುತ್ತಾನೆ. ಆ ಅರ್ಧವನ್ನು ಪ್ರೊಫೆಸರರು ವಿಜ್ಞಾನದ ಹಿತದೃಷ್ಟಿಯಿಂದ ಸ್ವೀಕರಿಸುತ್ತಾರೆ.

ಮಜ್ಜಿಗೆಯ ಹೊತ್ತಿಗೆ ಹಳೆಯ ಕಥೆ ಏಳುತ್ತದೆ. ವಕೀಲರೂ ಡಾಕ್ಟರರೂ ಧಾರವಾಡಕ್ಕೆ ಓದಲು ಬಂದ ಹಳ್ಳಿ ಹುಡುಗರು. ಆಗ ಊರಿನಿಂದ ತಾಯಂದಿರು ಕಟ್ಟಿಕೊಟ್ಟ ರೊಟ್ಟಿ ಬುತ್ತಿ ಬಸ್ಸಿನಲ್ಲಿ ಬರುತ್ತಿತ್ತು. ಕಂಡಕ್ಟರ್ ಇಳಿಸಿದ ಗಂಟುಗಳ ರಾಶಿಯಲ್ಲಿ ತಮ್ಮದನ್ನು ಹುಡುಕಿಕೊಳ್ಳಲು ಹುಡುಗರು ಬಸ್‌ಸ್ಟ್ಯಾಂಡಿನಲ್ಲಿ ಕಾಯಬೇಕು. ಒಂದು ದಿನ ಇವರಿಬ್ಬರ ಗಂಟು ಅದಲುಬದಲಾಯಿತು. ರೂಮಿಗೆ ಹೋಗಿ ಬಿಚ್ಚಿದಾಗ ಇಬ್ಬರಿಗೂ ಅದು ತಮ್ಮದಲ್ಲವೆಂದು ಚಟ್ನಿಯ ಬಣ್ಣದಲ್ಲೇ ಗೊತ್ತಾಯಿತಂತೆ. ಆದರೂ ಇಬ್ಬರೂ ತಿಂದು ಮುಗಿಸಿದ ಮೇಲೆಯೇ ಮಾಲೀಕನನ್ನು ಹುಡುಕಲು ಹೊರಟರು. ದಾರಿಯಲ್ಲಿ ಎದುರುಬದುರಾದರು. ಅಲ್ಲಿಂದ ಸ್ನೇಹ. ವಕೀಲರ ವಾದ ಏನೆಂದರೆ, ತಮ್ಮ ಗಂಟಿನಲ್ಲಿ ಶೇಂಗಾ ಹೋಳಿಗೆ ಇತ್ತು, ಡಾಕ್ಟರರದರಲ್ಲಿ ಬರೀ ಕಡಕ್ ರೊಟ್ಟಿ. ಆ ಬಾಬ್ತಿನ ಪರಿಹಾರ ಇಂದಿನವರೆಗೂ ಬಂದಿಲ್ಲ. “ಅವತ್ತ ತಿಂದ ಹೋಳಿಗೀದ್ದ ಇವತ್ತಿನ ಶುಗರ್,” ಎಂದು ಡಾಕ್ಟರರು ಪ್ರತಿದಾವೆ ಹೂಡುತ್ತಾರೆ.

ಬಿಲ್ಲಿನ ಸಮಸ್ಯೆ ಮಾತ್ರ ಬಹಳ ದಿನದಿಂದ ಹೊಗೆಯಾಡುತ್ತಿತ್ತು. ಊಟಕ್ಕೆ ಒಂದೇ ದರ, ರೊಟ್ಟಿಗೆ ಲೆಕ್ಕವಿಲ್ಲ. ಏಳು ರೊಟ್ಟಿಯ ಪ್ರೊಫೆಸರರಿಗೂ ಎರಡರ ಡಾಕ್ಟರರಿಗೂ ಅಷ್ಟೇ ದುಡ್ಡು. “ಇದ್ಯಾವ ನ್ಯಾಯ?” ಎಂದು ಡಾಕ್ಟರರು ವಕೀಲರನ್ನು ಕೇಳಿದರು. ವಕೀಲರು ಎಲ್ಲ ಬದಿಯಿಂದ ವಿಚಾರ ಮಾಡಿ, ಕಾಯಿಲೆ ಅರ್ಜಿದಾರರ ಸ್ವಯಾರ್ಜಿತ ಆಸ್ತಿ, ಅದಕ್ಕೆ ಖಾನಾವಳಿ ಹೊಣೆಯಲ್ಲ ಎಂದು ತೀರ್ಪು ಕೊಟ್ಟರು. ನಾನು ಬ್ಯಾಂಕಿನವನಾದ್ದರಿಂದ, ಎಣಿಸಲು ಕೂತರೆ ಮೊದಲು ಹಾಳಾಗುವುದು ಕೊಡುಕೊಳ್ಳುವವರ ಮುಖ ಎಂದು ಅನುಭವದ ಮಾತು ಹೇಳಿದೆ. ಡಾಕ್ಟರರು ಗಲ್ಲಾದ ಮುಂದೆ ನಿಂತು ಮಾಲಕರಿಗೇ ನೇರವಾಗಿ ದೂರು ಕೊಟ್ಟರು. ಮಾಲಕರು ಚಿಲ್ಲರೆ ಎಣಿಸುತ್ತಲೇ ಅಂದರು: “ನಾ ರೊಕ್ಕಾ ಎಣಸ್ತೀನ್ರಿ, ರೊಟ್ಟಿ ಎಣಸೂದಿಲ್ಲ. ನೀವೂ ತಿನ್ರಿ, ಯಾರ್ ಬ್ಯಾಡಂದಾರ?”

ಡಾಕ್ಟರರು ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆಂದು ನಮಗೆ ಆಗ ಗೊತ್ತಾಗಲಿಲ್ಲ. ಮರುವಾರ ಅವರ ಹಿಂದೆಯೇ ಒಬ್ಬ ಹುಡುಗ ಬಾಗಿಲಿಗೆ ಸ್ವಲ್ಪ ಓರೆಯಾಗಿ ಒಳಬಂದ. ಅವರ ತಂಗಿಯ ಮಗ, ವಿಜಯಪುರ ಕಡೆಯವನು, ಗರಡಿಮನೆಯಲ್ಲಿ ಬೆಳೆದವನು. ಡಾಕ್ಟರರು ಅವನನ್ನು ತಮ್ಮ ಪಕ್ಕದಲ್ಲಿ ಕೂರಿಸಿ, ತಾವು ಹಳೇ ಬಾಕಿ ವಸೂಲಿಗೆ ಬಂದವರ ಗತ್ತಿನಲ್ಲಿ ಕೈಕಟ್ಟಿ ಕೂತರು. ಬಡಿಸುವ ಹುಡುಗ ಬಂದು ಎಂದಿನ ಪ್ರಶ್ನೆ ಕೇಳಿದ. “ಮೊದಲ ಬಿಸೀದು ಆಗ್ಲಿ, ಆಮ್ಯಾಲ ಕಡಕ್ ನೋಡೂಣು,” ಅಂದ ಪೈಲ್ವಾನ. ಗಲ್ಲಾದ ಮೇಲಿದ್ದ ಮಾಲಕರು ತಲೆಯೆತ್ತಿ ಅವನ ಭುಜ ನೋಡಿದರು, ಡಾಕ್ಟರರ ಮುಖ ನೋಡಿದರು. ಆಮೇಲೆ ಪರದೆಯ ಕಡೆ ತಿರುಗಿ ಕೂಗಿದರು: “ಅಕ್ಕಾರ, ಇನ್ನೊಂದು ಹಂಚು ಇಡ್ರಿ!”