ತುಂಡುಸ್ಟಡ್ಡಿನ ಮೀಮಾಂಸೆ: ದಾವಣಗೆರೆ ಮತ್ತು ಹರಿಹರ ಸಂಪ್ರದಾಯಗಳ ಒಂದು ವಿವೇಚನೆ

ಟರ್ಬೊ ಕಾರಿನ ಎಂಜಿನ್ನಿನಲ್ಲಿ ಹುಟ್ಟಿದ ಹೊಗೆಯು ತನಗೆ ವಿಧಿಸಿದ ಸೈಲೆನ್ಸರ್ ಮಾರ್ಗವನ್ನು ತೊರೆದು ನಡುದಾರಿಯಲ್ಲೇ ಮುಕ್ತಿ ಪಡೆಯುವ ದೋಷಕ್ಕೆ ಗ್ಯಾರೇಜುಗಳಲ್ಲಿ ‘ಲೀಕೇಜು’ ಎಂಬ ಹೆಸರು ರೂಢವಾಗಿದೆ. ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಬೀಡುಕಬ್ಬಿಣದ ಕವಲುಕೊಳವೆಯು ಮ್ಯಾನಿಫೋಲ್ಡು. ಅದನ್ನು ಸಿಲಿಂಡರುಗಳ ಮೇಲ್ಮುಚ್ಚಳವಾದ ಅಲ್ಯೂಮಿನಿಯಂ ಹೆಡ್ಡಿಗೆ ಬಿಗಿದಿಡುವ, ಎರಡೂ ತುದಿಗೆ ಥ್ರೆಡ್ಡಿರುವ, ತಲೆಯೇ ಇಲ್ಲದ ಬೋಲ್ಟು ಸ್ಟಡ್ಡು. ಇವೆರಡು ಲೋಹಗಳ ನಡುವೆ ಕುಳಿತು ಸಂದು ಮುಚ್ಚುವ ತೆಳು ತಗಡು ಪ್ಯಾಕಿಂಗು. 1905ರಲ್ಲಿ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಎಂಜಿನಿಯರ್ ಪೇಟೆಂಟ್ ಪಡೆದ ಉಪಾಯದಂತೆ, ಹೊರಗೆ ಹೋಗುವ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಯಂತ್ರವೇ ಟರ್ಬೊ. ಇದು ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವುದು ಆ ಹೊಗೆಯ ಬಲದಿಂದಲೇ ಆದ್ದರಿಂದ, ಚಕ್ರ ತಲುಪುವ ಮೊದಲೇ ಸೋರಿಹೋದ ಹೊಗೆಯು ಬರಿಯ ಹೊಗೆಯಲ್ಲ, ನಷ್ಟವಾದ ಗಾಳಿ. ಗಾಳಿ ಸಾಲದೆ ಡೀಸೆಲ್ ಅರೆಬೆಂದು ಕಪ್ಪುಹೊಗೆಯಾಗುತ್ತದೆ. ಮಾಲೀಕರ ಬಾಯಲ್ಲಿ ಇದೇ ತತ್ತ್ವವು “ಗಾಡಿ ಎಳೀತಿಲ್ಲ ಮೇಸ್ತ್ರಿ, ಪಿಕಪ್ಪೇ ಇಲ್ಲ” ಎಂಬ ಆಪ್ತವಾಕ್ಯದ ರೂಪ ತಾಳುತ್ತದೆ.

ಫಿಯಟ್ ರೂಪಿಸಿದ 1.3 ಲೀಟರಿನ ಟರ್ಬೊ ಡೀಸೆಲ್ ಎಂಜಿನ್ನು ಸ್ವಿಫ್ಟ್, ಇಂಡಿಕಾ ವಿಸ್ಟಾ ಮುಂತಾದ ಹಲವು ಕಾರುಗಳೊಳಗೆ ಕುಳಿತು, 2020ರಲ್ಲಿ ಬಿಎಸ್-6 ನಿಯಮ ಬರುವವರೆಗೂ ದೇಶವನ್ನು ಎಳೆದುದರಿಂದ, ಒಂದು ಕಾಲಕ್ಕೆ ಲಾರಿಗಳವರಿಗೆ ಮೀಸಲಾಗಿದ್ದ ಈ ವಿದ್ಯೆಯು ಮಧ್ಯಮ ವರ್ಗದ ಮನೆಯಂಗಳಕ್ಕೂ ಇಳಿದಿದೆ. ಹತ್ತಿ ಗಿರಣಿಗಳ ದೆಸೆಯಿಂದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯಲ್ಲಿ ಈಗ ಪಿ.ಬಿ. ರಸ್ತೆಯ ಟ್ರಾಫಿಕ್ಕಿಗೆ ತಕ್ಕಂತೆ ಬೇಗ ಮುಗಿಸಿ ಕಳಿಸುವ ರಿಪೇರಿ ಸಂಪ್ರದಾಯ ಬೆಳೆದಿದ್ದರೆ, 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ತಲೆಯೆತ್ತಿ ಲೇತುಗಳನ್ನೇ ತಯಾರಿಸಿ ದೇಶಕ್ಕೆ ಕಳಿಸಿದ ಹರಿಹರದಲ್ಲಿ, ಆ ಕಾರ್ಖಾನೆ ಬಾಗಿಲು ಹಾಕಿದ ಮೇಲೂ, ಅಳೆದು ನೋಡದೆ ಸುತ್ತಿಗೆ ಎತ್ತಬಾರದೆಂಬ ಹಠ ಉಳಿದಿದೆ. ಈ ವಿಭಜನೆಯನ್ನು ಎರಡೂ ಊರಿನವರು ಒಪ್ಪುವುದಿಲ್ಲ; ಶಾಸ್ತ್ರಕ್ಕೆ ಅವರ ಒಪ್ಪಿಗೆ ಬೇಕಾಗಿಯೂ ಇಲ್ಲ.

ಎರಡು ಸಂಪ್ರದಾಯಗಳ ನಡುವಿನ ಮುಖ್ಯ ವಿವಾದ ರೋಗನಿರ್ಣಯದ್ದು. ದಾವಣಗೆರೆಯ ಮಾಲೀಕನು ಬೆಳಗ್ಗೆ ಕಾರು ಸ್ಟಾರ್ಟ್ ಮಾಡಿದೊಡನೆ ಬಾನೆಟ್ಟಿನ ಕೆಳಗೆ ‘ಟಿಕ್ ಟಿಕ್’ ಎಂಬ ಸದ್ದು ಕೇಳಿಸುತ್ತದೆ; ಅಲ್ಲಿನ ಮೇಸ್ತ್ರಿ ಕಿವಿಗೊಟ್ಟು ಸ್ಟಡ್ಡು ಮುರಿದಿದೆಯೆಂದು ಸಾರುತ್ತಾನೆ. ಮಾಲೀಕನು ಎರಡನೆಯ ಅಭಿಪ್ರಾಯಕ್ಕೆಂದು ಸುಮಾರು 14 ಕಿಲೋಮೀಟರ್ ದೂರದ ಹರಿಹರಕ್ಕೆ ಹೋಗುತ್ತಾನೆ. ಅಲ್ಲಿ ಬಾನೆಟ್ ಎತ್ತಿದಾಗ ಸದ್ದೇ ಇರುವುದಿಲ್ಲ, “ಏನೂ ಆಗಿಲ್ಲ ಸಾರ್, ಓಡ್ಸಿ” ಎಂದು ತೀರ್ಪಾಗುತ್ತದೆ. ಇದರಿಂದ ದಾವಣಗೆರೆಯವರು ದುಡ್ಡಿಗಾಗಿ ಹೇಳಿದರೆಂಬ ಒಂದು ಪಕ್ಷವೂ, ಹರಿಹರದವರಿಗೆ ಕಿವಿ ಕೇಳಿಸದೆಂಬ ಇನ್ನೊಂದು ಪಕ್ಷವೂ ಹುಟ್ಟಿಕೊಂಡವು. ವಾಸ್ತವದಲ್ಲಿ ಇಬ್ಬರೂ ಸತ್ಯವನ್ನೇ ನುಡಿದಿದ್ದಾರೆ: ಅಷ್ಟು ದೂರ ಓಡಿದ ಮ್ಯಾನಿಫೋಲ್ಡು ಕಾದು ಹಿಗ್ಗಿ, ತಣ್ಣಗಿದ್ದಾಗ ತೆರೆದಿದ್ದ ಕೂದಲೆಳೆಯ ಸಂದನ್ನು ತಾನೇ ಮುಚ್ಚಿಕೊಂಡಿರುತ್ತದೆ. ಆದಕಾರಣ ಕಾರನ್ನು ಹರಿಹರದಲ್ಲಿ ಒಂದು ರಾತ್ರಿ ನಿಲ್ಲಿಸಿ, ಬೆಳಗಿನ ಮೊದಲ ಸ್ಟಾರ್ಟಿಗೇ ಪರೀಕ್ಷಿಸಬೇಕೆಂಬುದು ಸಿದ್ಧಾಂತ. ಧೂಮವಿದ್ದಲ್ಲಿ ವಹ್ನಿಯನ್ನು ಊಹಿಸುವುದು ತಾರ್ಕಿಕರ ಹಳೆಯ ಅಭ್ಯಾಸವಾದರೆ, ಫಿಟ್ಟರನ ಅನುಮಾನಪ್ರಮಾಣಕ್ಕೆ ಪ್ಯಾಕಿಂಗಿನ ಅಂಚಿನಲ್ಲಿ ಬೆರಳಿಗೆ ಹತ್ತುವ ಕಪ್ಪು ಮಸಿಯೇ ಸಾಕು. ಇನ್ನೂ ಸಂದೇಹವುಳ್ಳವರು ಸಂದಿನ ಬಳಿ ಹೊತ್ತಿಸಿದ ಊದುಬತ್ತಿ ಹಿಡಿದು ಅದರ ಹೊಗೆ ಬೆದರಿ ಅತ್ತಿತ್ತ ಹಾರುವುದನ್ನು ನೋಡಬಹುದು. ಇದನ್ನು ಡೀಸೆಲ್ ಪೈಪಿನಿಂದ ದೂರವಿದ್ದು ಮಾಡತಕ್ಕದ್ದು.

ಸ್ಟಡ್ಡು ಏಕೆ ಮುರಿಯುತ್ತದೆ? ಮಾಲೀಕರು ಇದನ್ನು ದೃಷ್ಟಿದೋಷಕ್ಕೂ ರಸ್ತೆಯ ಹಂಪುಗಳಿಗೂ ಆರೋಪಿಸುತ್ತಾರಾದರೂ ಲೆಕ್ಕ ಬೇರೆಯಿದೆ. 400 ಮಿಲಿಮೀಟರ್ ಉದ್ದದ ಬೀಡುಕಬ್ಬಿಣವು 600 ಡಿಗ್ರಿಯಷ್ಟು ಹೆಚ್ಚು ಕಾದರೆ ಎರಡೂವರೆ ಮಿಲಿಮೀಟರಿಗೂ ತುಸು ಹೆಚ್ಚು ಬೆಳೆಯುತ್ತದೆ. ಅದಕ್ಕೆ ಅಂಟಿಕೊಂಡ ಅಲ್ಯೂಮಿನಿಯಂ ಹೆಡ್ಡು, ಒಂದೇ ಕಾವಿಗೆ ಕಬ್ಬಿಣದ ಎರಡರಷ್ಟು ಹಿಗ್ಗುವ ಗುಣವುಳ್ಳದ್ದಾದರೂ, ರೇಡಿಯೇಟರ್ ನೀರಿನ ಕೃಪೆಯಿಂದ ತಂಪಾಗಿರುವುದರಿಂದ ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಉಳಿದ ಎರಡು ಮಿಲಿಮೀಟರಿನ ಜಗಳವನ್ನು ದಿನವೂ ಬಿಡಿಸುವವು ಸ್ಟಡ್ಡುಗಳು. ಜಗ್ಗಾಟ ತುದಿಯಲ್ಲೇ ಹೆಚ್ಚಾದ್ದರಿಂದ ಮೊದಲು ಮುರಿಯುವವೂ ತುದಿಯವೇ. ಇದಕ್ಕೆ ಒಂದು ಆಕ್ಷೇಪವುಂಟು: ಹರಿಹರದ ಹರಿಹರೇಶ್ವರ ಗುಡಿಯನ್ನು ಹೊಯ್ಸಳರ ಕಾಲದಲ್ಲಿ, ಕ್ರಿ.ಶ. 1224ರಲ್ಲಿ, ಪೋಲಾಳ್ವ ದಂಡನಾಥನು ಕಟ್ಟಿಸಿದನು. ಅಲ್ಲಿ ಬಲಕ್ಕೆ ಶಿವನೂ ಎಡಕ್ಕೆ ವಿಷ್ಣುವೂ ಒಂದೇ ವಿಗ್ರಹದಲ್ಲಿ ಕೂಡಿದ್ದರೂ ನಡುವೆ ಬಿರುಕಿಲ್ಲವೆಂಬುದನ್ನು ಕೆಲವು ವ್ಯಾಖ್ಯಾನಕಾರರು ಮ್ಯಾನಿಫೋಲ್ಡಿನ ವಿರುದ್ಧ ಸಾಕ್ಷ್ಯವಾಗಿ ಒಡ್ಡುತ್ತಾರೆ. ಈ ವಾದ ನಿಲ್ಲದು. ಅಲ್ಲಿ ಇಬ್ಬರಿಗೂ ಶಿಲೆ ಒಂದೇ, ಹಿಗ್ಗುವ ಪ್ರಮಾಣವೂ ಒಂದೇ.

ಮುರಿದ ಸ್ಟಡ್ಡು ಎರಡು ವಿಧ: ಹೆಡ್ಡಿನಿಂದ ಒಂದಿಷ್ಟು ಹೊರಚಾಚಿದ್ದು ಸಾಕಾರ, ಒಳಗೇ ತುಂಡಾಗಿ ಕಣ್ಣಿಗಷ್ಟೇ ಕಂಡು ಕೈಗೆ ಸಿಗದಿರುವುದು ನಿರಾಕಾರ. ಸಾಕಾರಕ್ಕೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಕಾಯಬೇಕು. ಎಷ್ಟು ಹೊತ್ತೆಂಬಲ್ಲಿ ಭಿನ್ನಾಭಿಪ್ರಾಯವಿದ್ದು, ದಾವಣಗೆರೆಯವರು ಒಂದು ಬೆಣ್ಣೆದೋಸೆ ತಿಂದು ಬರುವಷ್ಟು ಎಂದೂ, ಹರಿಹರದವರು ಒಂದು ಇಡೀ ರಾತ್ರಿಯೆಂದೂ ವಿಧಿಸುತ್ತಾರೆ. ಇಲ್ಲಿ ಹರಿಹರದ್ದೇ ಸರಿ. ಬಳಿಕ ಮೊಂಡು ತುಂಡಿನ ಮೇಲೆ ಒಂದು ನಟ್ಟಿಟ್ಟು, ಅದರ ಹೊಟ್ಟೆಯೊಳಗೆ ವೆಲ್ಡಿಂಗ್ ತುಂಬಿ, ಕೆಂಪು ಆರಿದ ಮೇಲೆ ಸ್ಪ್ಯಾನರ್ ಹಾಕಿ ಕಾಲು ಸುತ್ತು ಹಿಂದೆ, ಅರ್ಧ ಕಾಲು ಮುಂದೆ, ಮತ್ತೆ ಹಿಂದೆ ಎಂಬಂತೆ ಅಲುಗಿಸಿದರೆ, ಕಾವಿಗೆ ತುಕ್ಕು ಸಡಿಲಿ ಸ್ಟಡ್ಡು ‘ಕಿರ್ರ್’ ಎಂದು ಶರಣಾಗುತ್ತದೆ. ಉಕ್ಕಿನ ವೆಲ್ಡಿಂಗ್ ಅಲ್ಯೂಮಿನಿಯಮ್ಮಿಗೆ ಅಂಟದಿರುವುದು ಈ ಪ್ರಯೋಗದ ಪುಣ್ಯ. ಇದನ್ನು ಕಂಡುಕೊಂಡ ಶ್ರೇಯಸ್ಸನ್ನು ದಾವಣಗೆರೆಗೆ ಬಿಟ್ಟುಕೊಡಲು ಹರಿಹರದವರೂ ತಕರಾರು ಮಾಡುವುದಿಲ್ಲ, ಏಕೆಂದರೆ ಕೈ ಸುಟ್ಟುಕೊಳ್ಳುವವರು ದಾವಣಗೆರೆಯವರೇ.

ನಿರಾಕಾರಕ್ಕೆ ಡ್ರಿಲ್ಲೇ ಗತಿ. ಸರಿಯಾಗಿ ನಡುಮಧ್ಯೆ ಪಂಚ್ ಹೊಡೆದು ಸಣ್ಣ ಡ್ರಿಲ್ಲಿನಿಂದ ಆರಂಭಿಸಬೇಕು; ಇಲ್ಲದಿದ್ದರೆ ಡ್ರಿಲ್ಲು ಗಟ್ಟಿಯಾದ ಉಕ್ಕನ್ನು ಬಿಟ್ಟು ಪಕ್ಕದ ಮೆತ್ತನೆಯ ಅಲ್ಯೂಮಿನಿಯಮ್ಮಿಗೆ ಜಾರುತ್ತದೆ. ಹಾಗೆ ಜಾರಿ ಥ್ರೆಡ್ಡು ಕೆಟ್ಟರೆ ತೂತನ್ನು ಹಿಗ್ಗಿಸಿ, ಸ್ಟೇನ್‌ಲೆಸ್ ತಂತಿಯ ಸುರುಳಿಯಾದ ಹೆಲಿಕಾಯಿಲನ್ನು ಕೂರಿಸುವ ಪ್ರಾಯಶ್ಚಿತ್ತವಿದೆ. ಇದರಿಂದ ದೊರೆಯುವ ಥ್ರೆಡ್ಡು ಮೂಲಕ್ಕಿಂತಲೂ ಗಟ್ಟಿಯೆಂಬುದು ಪಾಪಿಗಳಿಗೆ ದೊಡ್ಡ ಸಮಾಧಾನ. ಆದರೆ ತೂತಿಗೆ ಈಜಿ-ಔಟ್ ಎಂಬ ಎಡತಿರುಚಿನ ಉಪಕರಣವನ್ನಿಟ್ಟು ಆತುರದಿಂದ ತಿರುಗಿಸಿ ಅದನ್ನೂ ಒಳಗೇ ಮುರಿಯುವುದು ಮಹಾಪಾತಕ. ಅದರ ಉಕ್ಕು ಸಾಮಾನ್ಯ ಡ್ರಿಲ್ಲಿಗಿಂತ ಗಡುಸು. ಆಗ ಹೆಡ್ಡು ಬಿಚ್ಚಿ ವಿದ್ಯುತ್ ಕಿಡಿಯಿಂದ ಲೋಹ ಕರಗಿಸುವ ಸ್ಪಾರ್ಕ್ ಇರೋಷನ್ ಯಂತ್ರವನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ಬಿಲ್ಲನ್ನು ನೋಡಿದ ಮಾಲೀಕನ ಸ್ಥಿತಿಯನ್ನು ವೈದ್ಯಶಾಸ್ತ್ರದವರು ವಿವರಿಸಲಿ.

ಮರುಜೋಡಣೆಯಲ್ಲಿ ಎಲ್ಲರೂ ತಪ್ಪುವುದು ಒಂದೇ ಕಡೆ: ಹೊಸ ಪ್ಯಾಕಿಂಗ್ ಹಾಕಿ ಡೊಂಕಾದ ಮ್ಯಾನಿಫೋಲ್ಡನ್ನೇ ಮತ್ತೆ ಬಿಗಿಯುವುದು. ಅದರ ಮುಖದ ಮೇಲೆ ಸಪಾಟು ಪಟ್ಟಿಯಿಟ್ಟು ಕೆಳಗೆ ಫೀಲರ್ ಗೇಜಿನ ಎಲೆ ತೂರುತ್ತದೆಯೇ ನೋಡಿ, ತೂರಿದರೆ ಮಷೀನಿಗೆ ಹಾಕಿ ಸಮ ಮಾಡಿಸಬೇಕು. ಈ ಕೆಲಸಕ್ಕೆ ಹರಿಹರದ ಹಠ ಚೆನ್ನಾಗಿ ಒದಗುತ್ತದೆ. ನಟ್ಟುಗಳನ್ನು ನಡುವಿನಿಂದ ತುದಿಯತ್ತ, ಟಾರ್ಕ್ ರೆಂಚಿನಿಂದ, ತಯಾರಕರು ಹೇಳಿದಷ್ಟೇ ಬಿಗಿಯತಕ್ಕದ್ದು; “ಇನ್ನೊಂದ್ ಸ್ವಲ್ಪ ಟೈಟ್ ಮಾಡು ಅಣ್ಣ” ಎಂಬ ಮಾಲೀಕನ ಮಾತು ಈ ಸಂದರ್ಭದಲ್ಲಿ ಪ್ರಮಾಣವಲ್ಲ. ಇಷ್ಟಾದ ಮೇಲೆ ಮರುದಿನ ಬೆಳಗ್ಗೆ ತಣ್ಣಗಿರುವ ಎಂಜಿನ್ನನ್ನು ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ನಿಂತಿರುತ್ತದೆ. ಆ ಸದ್ದಿನಡಿ ಇಷ್ಟು ದಿನ ಅಡಗಿದ್ದ ಎಸಿ ಬೆಲ್ಟಿನ ಕೀರಲು ಆಗ ಮೊದಲ ಬಾರಿಗೆ ಮಾಲೀಕನ ಕಿವಿಗೆ ಬಿದ್ದು, ಇದು ನಿನ್ನೆ ಇರಲಿಲ್ಲ, ಬಿಚ್ಚಿದಾಗಲೇ ಏನೋ ಆಗಿದೆಯೆಂದು ಅವನು ಮೇಸ್ತ್ರಿಯೊಡನೆ ವಾದಕ್ಕಿಳಿಯುತ್ತಾನೆ. ಅದರ ವಿಚಾರ ಪ್ರಸ್ತುತ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.