ನಿದ್ರಾರಸ ಮೀಮಾಂಸೆ
(ಬಯಲಾಟದ ಪ್ರೇಕ್ಷಕರ ತೂಕಡಿಕೆಯ ಲಕ್ಷಣ, ಪ್ರಭೇದ, ಪ್ರಯೋಜನ)

ಸೂತ್ರ 1: ಇನ್ನು ನಿದ್ರೆಯ ವಿಚಾರ.

ಭಾಷ್ಯ: ಕೋಡಂಗಿ, ಬಾಲಗೋಪಾಲರು ಕುಣಿದು ಹೋಗಿ, ಪ್ರೇಕ್ಷಕ ಚರುಮುರಿ ತಿಂದು ಮುಗಿಸಿದ ಮೇಲೆಯೇ ಅವನಿಗೆ ಈ ಶಾಸ್ತ್ರದಲ್ಲಿ ಅಧಿಕಾರ. ಭರತಮುನಿ ನಾಟ್ಯಶಾಸ್ತ್ರದಲ್ಲಿ 8 ಸ್ಥಾಯಿಭಾವಗಳನ್ನೂ 33 ವ್ಯಭಿಚಾರಿಭಾವಗಳನ್ನೂ ಹೇಳಿದ್ದಾನೆ. ಆ 33ರಲ್ಲಿ ಆಲಸ್ಯ, ನಿದ್ರೆ, ಸುಪ್ತ, ವಿಬೋಧ ಎಂಬ ನಾಲ್ಕು ಮಲಗಿ ಏಳುವ ವ್ಯವಹಾರಕ್ಕೇ ಮೀಸಲು. ಪಂಡಿತರು ಇವನ್ನು ಪಾತ್ರಗಳ ಪಾಲಿಗೆ ಬರೆದರು. ಕರಾವಳಿಯ ಗದ್ದೆಗಳಲ್ಲಿ ರಾತ್ರಿ ಕಳೆದ ನನ್ನ ಮತ ಬೇರೆ: ಇವು ಪ್ರೇಕ್ಷಕನವು. ನಿದ್ರೆಯೇ ಸ್ಥಾಯಿ, ಬಂದು ಹೋಗುವುದು ಎಚ್ಚರ.

ಸೂತ್ರ 2: ವಿಭಾವಾದಿಗಳ ಸಂಯೋಗದಿಂದ ತೂಕಡಿಕೆ.

ಭಾಷ್ಯ: ಕೊಯ್ಲಾದ ಗದ್ದೆಗೆ ಹಾಸಿದ ಚಾಪೆ ಆಲಂಬನ. ಸಂಧಾನಕ್ಕೆ ಬಂದ ಕೃಷ್ಣನ ಮುಗಿಯದ ಅರ್ಥಗಾರಿಕೆ ಉದ್ದೀಪನ. ಕತ್ತು ಪಕ್ಕದವರ ಭುಜಕ್ಕೆ ವಾಲುವುದು ಅನುಭಾವ. ಸೊಳ್ಳೆ ಸಂಚಾರಿ.

ಪೂರ್ವಪಕ್ಷ: ರಸಕ್ಕೆ ಏಳು ವಿಘ್ನಗಳೆಂದ ಅಭಿನವಗುಪ್ತ, ನಿದ್ದೆ ಎಂಟನೆಯದಾಗದೆ?

ಸಿದ್ಧಾಂತ: ಆಗದು. ತನ್ನದೇ ಸುಖದುಃಖದಲ್ಲಿ ಮುಳುಗಿರುವುದೂ ಆ ಏಳರಲ್ಲೊಂದು. ಕಣ್ಣು ತೆರೆದು ಕೂತವನು ಅಡಿಕೆಯ ದರ, ಬ್ಯಾಂಕಿನ ಕಂತು ನೆನೆಯುತ್ತಾನೆ. ಮಲಗಿದವನಿಗೆ ಕಂತೂ ಇಲ್ಲ, ದರವೂ ಇಲ್ಲ. ನಿರ್ವಿಘ್ನ ಯಾರೆಂದು ಸಹೃದಯರೇ ಹೇಳಲಿ.

ಸೂತ್ರ 3: ಕಲಾವಿದನಿಗೂ ಇದೇ.

ಭಾಷ್ಯ: ನಾಯಕ, ಕವಿ, ಶ್ರೋತೃ ಮೂವರ ಅನುಭವವೂ ಒಂದೇ ಎಂಬುದು ಅಭಿನವಗುಪ್ತನ ಗುರು ಭಟ್ಟತೌತನ ಮತ. ಇದಕ್ಕೆ ಚೌಕಿಯೇ ಪ್ರಮಾಣ. ನಡುರಾತ್ರಿ ಕಳೆದು ರಂಗಕ್ಕೆ ಹೋಗುವ ಬಣ್ಣದ ವೇಷಧಾರಿ ಅಲ್ಲಿಯವರೆಗೆ ಪೆಟ್ಟಿಗೆಯ ಪಕ್ಕ ಮಲಗಿರುತ್ತಾನೆ. ಎದ್ದು ಅಕ್ಕಿಹಿಟ್ಟಿನ ಚಿಟ್ಟಿ ಇಡತೊಡಗಿದರೆ ಕನ್ನಡಿಯೊಳಗೆ ತನ್ನ ಮುಖವನ್ನು ತಾನೇ ಕಳೆದುಕೊಳ್ಳುತ್ತಾನೆ. ಚೌಕಿಯಲ್ಲಿ ಅವನು, ಚಾಪೆಯಲ್ಲಿ ನಾನು: ರಸದಲ್ಲಿ ಭೇದವಿಲ್ಲ.

ಸೂತ್ರ 4: ನಿದ್ರಾಳುಗಳು ತ್ರಿವಿಧ.

ಭಾಷ್ಯ: ಗೊರಕೆಯಿಂದ ಭಾಗವತರ ತಾಳ ತಪ್ಪಿಸುವವ ಅಧಮ. ಇಡೀ ಆಟ ಮಲಗಿ, ಬೆಳಿಗ್ಗೆ ಹೋಟೆಲಿನಲ್ಲಿ ಭಾಗವತರ ದೋಷ ಎಣಿಸುವವ ಮಧ್ಯಮ. ವಿಮರ್ಶಕರು ಹುಟ್ಟುವುದು ಈ ವರ್ಗದಲ್ಲಿ. ‘ದೇವಿ ಮಹಾತ್ಮೆ’ಯ ಮಹಿಷಾಸುರ ಸಭೆಯ ಹಿಂದಿನಿಂದ ಆರ್ಭಟಿಸುತ್ತ ಬರುವಾಗ ಥಟ್ಟನೆ ಏಳುವವ ಉತ್ತಮ. ಕಣ್ಣು ಬಿಟ್ಟರೆ ದೊಂದಿ, ರಾಳದ ಬೆಂಕಿ, ನೆತ್ತಿಯ ಮೇಲೇ ಕೊಂಬು! ಎಚ್ಚರವಿದ್ದವನು ‘ಇವತ್ತು ಮಹಿಷ ಇಂಥವರದ್ದು’ ಎಂದು ಕಲಾವಿದನ ಹೆಸರು ಹೇಳುತ್ತಾನೆ. ಈಗಷ್ಟೇ ಎದ್ದವನಿಗೆ ಹೆಸರು ಹೊಳೆಯುವುದಿಲ್ಲ. ಅವನೆದುರು ಇರುವುದು ಮಹಿಷನೇ. ಆ ಒಂದು ಗಳಿಗೆ ಕಲೆಯೂ ಇಲ್ಲ, ಪ್ರೇಕ್ಷಕನೂ ಇಲ್ಲ. ರಸವೆಂದು ಗ್ರಂಥಗಳು ಹೇಳಿದ್ದು ಇದನ್ನಲ್ಲದಿದ್ದರೆ ಮತ್ತೇನನ್ನು?

ಉಪಸಂಹಾರ: 2000ರ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಕಡಿವಾಣ ಹಾಕಿವೆ. ಕಾಲಮಿತಿಯ ಆಟಗಳು ಹೆಚ್ಚಾಗಿವೆ, ಗದ್ದೆಗೆ ಪ್ಲಾಸ್ಟಿಕ್ ಕುರ್ಚಿ ಬಂದಿದೆ. ಪ್ರೇಕ್ಷಕ ಮನೆಗೆ ಹೋಗಿ ಮಲಗುತ್ತಾನೆ. ಅಲ್ಲಿ ಎಬ್ಬಿಸುವುದಕ್ಕೆ ಚೆಂಡೆಯೂ ಇಲ್ಲ, ರಾಕ್ಷಸನೂ ಇಲ್ಲ. ಆದ್ದರಿಂದ ಹರಕೆ ಆಟ ಆಡಿಸುವವರಲ್ಲಿ ಶಾಸ್ತ್ರಕಾರನ ವಿನಂತಿ: ಹಿಂದಿನ ಸಾಲಿಗಾದರೂ ಕುರ್ಚಿ ಬೇಡ, ಚಾಪೆ ಹಾಸಿ. ಮಹಿಷ ಬರುವ ದಾರಿಯೂ ಅದೇ.