ಪಿಕಪ್ಪಿನ ದ್ವಾರಪಾಲಕ

ತಾಳಿಕೋಟೆಯ ಸಂತೆಗಾಗಲಿ, ಮುದ್ದೇಬಿಹಾಳದ ಕಚೇರಿಗಾಗಲಿ, ಸಿಂದಗಿಯ ಬೀಗರ ಮನೆಯ ಮದುವೆಗಾಗಲಿ, ಪರರ ಪಿಕಪ್ಪನ್ನು ಏರಿ ಹೊರಟ ಮನುಷ್ಯನ ಕಿವಿಗೆ ಬೀಳುವ ಪ್ರಥಮೋಪದೇಶ ಒಂದೇ: "ಕಾಕಾ, ಬಾಗಲಾ ಸಾವಕಾಶ ಹಾಕ್ರಿ!" ಇದನ್ನು ಉಚ್ಚರಿಸುವಾಗ ಮಾಲಕ ಮಹಾಶಯನ ಮುಖದಲ್ಲಿ ಮೂಡುವ ಯಾತನೆಯನ್ನು ಕಂಡವರು, ಬಾಗಿಲು ಬಡಿದದ್ದು ಚೌಕಟ್ಟಿಗಲ್ಲ, ಆತನ ಪಕ್ಕೆಲುಬಿಗೇ ಇರಬೇಕೆಂದು ಶಂಕಿಸುವದು ಸಹಜ. ವೈಕುಂಠದ ಬಾಗಿಲನ್ನು ಕಾಯಲು ಜಯವಿಜಯರೆಂದು ಇಬ್ಬರು ಬೇಕಾದರು. ಇಲ್ಲಿ ಎರಡು ಬಾಗಿಲುಗಳಿಗೂ ಇವನೊಬ್ಬನೇ ಸಾಕು.

ಗಾಡಿಯ ಹಣೆಗೆ ತಂದೆತಾಯಿಗಳ ಆಶೀರ್ವಾದವನ್ನು ಬರೆಯಿಸಿ, ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ, ಕನ್ನಡಿಗೆ ಬಣ್ಣದ ಗೊಂಡೆಗಳನ್ನು ಇಳಿಬಿಟ್ಟು, ಅಮಾವಾಸ್ಯೆಗೊಮ್ಮೆ ತಪ್ಪದೆ ಕಾಯಿ ಒಡೆಯುವ ಈ ಭಕ್ತಶಿರೋಮಣಿಯು, ಬಾಗಿಲಿನ ಸುತ್ತ ಹಬ್ಬಿರುವ ರಬ್ಬರಿನ ಬೀಡಿಂಗಿನ ಕಡೆಗೆ ಮಾತ್ರ ಎಂದೂ ಕಣ್ಣು ಹಾಯಿಸಿದವನಲ್ಲ. ಇಪಿಡಿಎಂ ಎಂಬ ಕೃತಕ ರಬ್ಬರಿನಿಂದಾದ ಆ ಬಡಜೀವಿಯ ಒಡಲು ಪೊಳ್ಳಾಗಿದ್ದು, ಬಾಗಿಲು ಮುಚ್ಚಿದಾಗ ಅದುಮಿಕೊಂಡು ಸಂದುಗಳನ್ನೆಲ್ಲ ತುಂಬಬೇಕು, ತೆರೆದಾಗ ಮರಳಿ ಉಬ್ಬಬೇಕು; ವರ್ಷಾನುಗಟ್ಟಲೆ ಅದುಮಿಸಿಕೊಂಡು, ವಿಜಯಪುರ ಸೀಮೆಯ ಬಿಸಿಲಿನಲ್ಲಿ ಬೆಂದ ಬಳಿಕ, ಅದುಮುವ ವಿದ್ಯೆ ಉಳಿದು ಉಬ್ಬುವ ವಿದ್ಯೆ ಮರೆತುಹೋಗುತ್ತದೆ. ಸಾಲದುದಕ್ಕೆ, ದಿನಕ್ಕೆ ಹತ್ತಾರು ಸಲ ಏರಿಳಿಯುವ ಮಾಲಕನ ತೊಡೆಯೂ ಚಪ್ಪಲಿಯ ಹಿಮ್ಮಡಿಯೂ ಉಜ್ಜಿ ಉಜ್ಜಿ, ಅವನದೇ ಬಾಗಿಲಿನ ಕೆಳಮೂಲೆಯಲ್ಲಿ ಬೀಡಿಂಗು ಎಲ್ಲಕ್ಕೂ ಮೊದಲು ಹರಿಯುವದು.

ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂದು ಹಿರಿಯರು ಕೊಂಡಾಡಿದ ಯರೆಭೂಮಿ ನಮ್ಮದು. ಆದರೆ ಅದೇ ಯರೆಮಣ್ಣು ಬೇಸಿಗೆಯಲ್ಲಿ ಧೂಳಾಗಿ ಎದ್ದು, ಫರ್ಸಿಕಲ್ಲಿನ ಗಣಿಗಳ ಬಿಳಿಯ ಹುಡಿಯೊಡನೆ ಬೆರೆತು, ಸಡಿಲಾದ ಬೀಡಿಂಗಿನ ಸಂದಿನಿಂದ ಒಳನುಗ್ಗಿದರೆ, ತೊಗರಿ ಮಾರಲು ಹೊರಟ ಗೌಡರು ಪೇಟೆಯಲ್ಲಿ ಇಳಿಯುವ ಹೊತ್ತಿಗೆ ಅವರ ಮೀಸೆ ಹತ್ತು ವರ್ಷ ಮುಪ್ಪಾಗಿರುತ್ತದೆ. ಮಳೆಗಾಲದಲ್ಲಂತೂ ಅದೇ ಧೂಳು ಬಾಗಿಲಿನ ತಳದ ನೀರುಕಿಂಡಿಗಳನ್ನು ಕಟ್ಟಿ, ಒಳಸೇರಿದ ನೀರು ಹೊರಗೆ ಹೋಗಲಾರದೆ ತಗಡನ್ನು ತಿನ್ನತೊಡಗುವದು.

ಇಷ್ಟಕ್ಕೆಲ್ಲ ಕಾರಣವೇನೆಂದು ಕೇಳಿರಿ, ಮಾಲಕನ ಉತ್ತರ ಸಿದ್ಧವಾಗಿದೆ: "ಮಂದಿ ಬಾಗಲಾ ಬಡದ್ ಬಡದ್ ಹಾಳ ಮಾಡ್ಯಾರ್ರಿ." 1565ರ ಯುದ್ಧ ನಡೆದದ್ದು ಕೃಷ್ಣೆಯ ಬಳಿಯ ರಕ್ಕಸಗಿ-ತಂಗಡಗಿಯಲ್ಲಾದರೂ ಹೆಸರು ಹೊತ್ತದ್ದು ನಮ್ಮ ತಾಳಿಕೋಟೆ; ಒಂದೆಡೆ ಆದದ್ದನ್ನು ಇನ್ನೊಂದೆಡೆಯ ಲೆಕ್ಕಕ್ಕೆ ಬರೆಯುವ ಪದ್ಧತಿ ಈ ಸೀಮೆಗೆ ಹೊಸತೇನಲ್ಲ.

ಒಮ್ಮೆ ಫಿಟ್ಟರನೊಬ್ಬನು ಹತ್ತು ರೂಪಾಯಿಯ ನೋಟನ್ನು ಬಾಗಿಲಿನ ಸಂದಿನಲ್ಲಿರಿಸಿ, ಬಾಗಿಲು ಹಾಕಿ, ಎರಡು ಬೆರಳಿನಿಂದ ಎಳೆದನು. ಬೀಡಿಂಗು ಗಟ್ಟಿಯಾಗಿದ್ದರೆ ನೋಟು ಹಟ ಹಿಡಿಯಬೇಕು; ಇದು ನಿರಾಯಾಸವಾಗಿ ಕೈಗೆ ಬಂದಿತು. ಮಾಲಕನು ಅದನ್ನು ಫಿಟ್ಟರನ ಕೈಯಿಂದ ಕಸಿದು ತನ್ನ ಕಿಸೆಗೆ ಸೇರಿಸಿಕೊಂಡು, "ನೋಟು ಹೊಸಾದೈತಿ, ಜಾರೇತಿ ಬಿಡೋ ತಮ್ಮಾ" ಎಂದು ತೀರ್ಪಿತ್ತನು. ಬಿಜಾಗರಿ ಜೋತುಬಿದ್ದಿದೆಯೋ ನೋಡಿ, ಅದನ್ನು ಸರಿಪಡಿಸಿ, ಹೊಸ ಬೀಡಿಂಗು ಕೂಡಿಸೋಣವೆಂಬ ಫಿಟ್ಟರನ ವಿಜ್ಞಾಪನೆಯು ಗಾಳಿಗೆ ಹೋಯಿತು.

ಅನಂತರ ಆರಂಭವಾದದ್ದು ಸ್ವಯಂಚಿಕಿತ್ಸೆ. ಮೊದಲು ಎಂಜಿನ್ನಿನಿಂದ ತೆಗೆದ ಸುಟ್ಟ ಎಣ್ಣೆಯ ಅಭ್ಯಂಜನ. ಖನಿಜ ತೈಲವು ಈ ಜಾತಿಯ ರಬ್ಬರಿಗೆ ವಿಷಪ್ರಾಯವಾದ್ದರಿಂದ ಅದು ಊದಿಕೊಂಡು ಮೆತ್ತಗಾಯಿತು. ಸಾಬೂನುನೀರಿನಿಂದ ತೊಳೆದು ಸಿಲಿಕೋನ್ ಸವರುವ ಸುಲಭೋಪಾಯವು ಅಗ್ಗವಾದ ಕಾರಣದಿಂದಲೇ ಅವನ ವಿಶ್ವಾಸಕ್ಕೆ ಪಾತ್ರವಾಗಲಿಲ್ಲವೆಂದು ತೋರುತ್ತದೆ. ಬಳಿಕ ಹಳೆಯ ಸೈಕಲ್ ಟ್ಯೂಬನ್ನು ಸೀಳಿ, ಅಂಟು ಬಳಿದು, ಸುತ್ತಲೂ ಮೆತ್ತಿದನು. ಧೂಳು ನಿಂತಿತು, ನಿಜ. ಆದರೆ ದಪ್ಪವು ಮಿತಿಮೀರಿ, ಬಾಗಿಲು ಮೆಲ್ಲಗೆ ಹಾಕಿದರೆ ಚಿಲಕಕ್ಕೆ ಸಿಲುಕದಾಯಿತು. ಈಗ ಅದೇ ಮಹಾಶಯನು ಅದೇ ಯಾತನೆಯ ಮುಖಮುದ್ರೆಯಿಂದ ಕೂಗುತ್ತಾನೆ: "ಕಾಕಾ, ಉಂಡಿಲ್ಲೇನ್ರಿ? ಜೋರ್ಲೆ ಜಗ್ಗಿ ಹಾಕ್ರಿ!"

ಆದ್ದರಿಂದ, ವಾಚಕರೇ, ಈ ಮಾರ್ಗದಲ್ಲಿ ಪಿಕಪ್ಪು ಏರುವ ಪ್ರಸಂಗ ಒದಗಿದರೆ ಬಿಳಿಯ ಧೋತರವನ್ನು ಮನೆಯಲ್ಲಿಯೇ ಬಿಟ್ಟು ಬನ್ನಿರಿ. ಬಾಗಿಲನ್ನು ಮೆಲ್ಲಗೆ ಹಾಕಬೇಕೋ ಬಡಿದು ಹಾಕಬೇಕೋ ಎಂಬುದನ್ನು ಮಾಲಕನಲ್ಲಿ ಮುಂಚಿತವಾಗಿಯೇ ವಿಚಾರಿಸಿಕೊಳ್ಳಿರಿ.